ರೊಂಗ್ಬುಕ್‌ನ ದಾರಿ
ಎವರೆಸ್ಟಿನ ನೇಪಾಳದ ಬೇಸ್ ಕ್ಯಾಂಪಿಗೆ ದಿನಗಟ್ಟಲೆ ನಡೆದೇ ಏರಬೇಕು. ಟಿಬೆಟ್ ಕಡೆಯ ಉತ್ತರ ಬೇಸ್ ಕ್ಯಾಂಪಿನ ತನಕ ಮೋಟಾರು ರಸ್ತೆಯಿದೆ. ಸುಮಾರು 3,650 ಮೀಟರ್ ಎತ್ತರದ ಲಾಸಾದಿಂದ ಹೊರಟ ವಾಹನ ಶಿಗಾತ್ಸೆ ದಾಟಿ, 5,000 ಮೀಟರಿಗೂ ಮೇಲಿರುವ ಗಾವು ಲಾ ಕಣಿವೆದಾರಿ ಹತ್ತುತ್ತದೆ. ಮೋಡವಿಲ್ಲದಿದ್ದರೆ ಅಲ್ಲಿಂದ ಮಕಾಲು, ಲೋತ್ಸೆ, ಎವರೆಸ್ಟ್, ಚೋ ಓಯು ಶಿಖರಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಇಡೀ ಪ್ರಯಾಣದಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ. ಆದರೆ ಈ ಸುಗಮ ರಸ್ತೆಯೇ ಅಪಾಯದ ಮೂಲವೂ ಹೌದು. ನಡೆಯುವವರ ದೇಹ ಹಂತಹಂತವಾಗಿ ಎತ್ತರಕ್ಕೆ ಒಗ್ಗುತ್ತದೆ, ಕಾರಿನಲ್ಲಿ ಕುಳಿತವರಿಗೆ ಆ ಕಾಲಾವಕಾಶ ಸಿಗುವುದಿಲ್ಲ. 5,000 ಮೀಟರಿನಲ್ಲಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ತಲೆನೋವು, ವಾಕರಿಕೆ, ನಿದ್ರೆಗೇಡು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ನಡಿಗೆ ತತ್ತರಿಸಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಿಗೆ ಕಾಯದೆ ಕೆಳಗಿಳಿಯಲೇಬೇಕು. ಆದ್ದರಿಂದ ಲಾಸಾ, ಶಿಗಾತ್ಸೆಗಳಲ್ಲಿ ತಂಗಿ ಏರುವುದು ವಿವೇಕ. ಬೇಸ್ ಕ್ಯಾಂಪಿನ ಬಳಿಯ, 1902ರಲ್ಲಿ ಸ್ಥಾಪನೆಯಾದ ರೊಂಗ್ಬುಕ್ ಮಠದ ಆಸುಪಾಸಿನಲ್ಲಿ ಸ್ಥಳೀಯರು ಬೇಸಿಗೆಯ ತಿಂಗಳುಗಳಲ್ಲಿ ಯಾಕ್ ಕೂದಲಿನ ಡೇರೆ ಹಾಕುತ್ತಾರೆ. ನಡುವೆ ಒಲೆ, ಸುತ್ತ ಮಲಗುವ ಮಂಚ, ಕುಡಿಯಲು ಬೆಣ್ಣೆ ಚಹಾ. ಒಲೆ ಆರಿದ ಮೇಲೆ ಚಳಿ ತೀವ್ರ. ದಪ್ಪ ಹೊದಿಕೆ ಅನಿವಾರ್ಯ. ಏಪ್ರಿಲ್-ಮೇ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಆಕಾಶ ಹೆಚ್ಚು ತಿಳಿಯಾಗಿರುತ್ತದೆ. ವಿದೇಶಿಯರಿಗೆ ಪರವಾನಗಿ, ಮಾರ್ಗದರ್ಶಿ ಎರಡೂ ಕಡ್ಡಾಯ.