ಬಾರದ ನೀರಿಗೆ ಯಾರ ದಂಡ?

ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದು, ಕೈತೋಟಕ್ಕೆ ಹಾಯಿಸಬಾರದು. ತಪ್ಪಿದರೆ 5,000 ರೂಪಾಯಿ ದಂಡ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಹೊರಡಿಸಿದ ಈ ಆಜ್ಞೆ 2025ರ ಫೆಬ್ರವರಿಯಲ್ಲಿ ಮತ್ತೆ ಬಂತು. ನಾವು ಇದನ್ನು ವಿರೋಧಿಸುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿಯನ್ನು ಹುಲ್ಲುಹಾಸಿಗೆ ಸುರಿಯುವುದು ಅನ್ಯಾಯವೇ ಸರಿ.

ಆದರೆ ನಲ್ಲಿಯೇ ಇಲ್ಲದವರ ಮಾತೇನು? 2007ರಲ್ಲಿ ಮಹಾನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಕೊಡ ಹಿಡಿದು ಟ್ಯಾಂಕರಿಗೆ ಕಾದ ಮನೆಗಳ ಮೇಲೆ ಯಾವ ಆಜ್ಞೆಯೂ ಇಲ್ಲದೆ ನಿರ್ಬಂಧವಿತ್ತು. ಕಾರುಳ್ಳವನಿಗೆ 5,000 ಬಿಡಿಗಾಸು. ಕೂಲಿಯವಳಿಗೆ ನೀರಿಗೆ ಕಾದ ದಿನದ ಸಂಬಳವೇ ದಂಡ. ನೀರನ್ನು ಪೋಲು ಮಾಡುವುದು ಅಪರಾಧವಾದರೆ, ನೀರು ಕೊಡದಿರುವುದೂ ಅಪರಾಧವೇ. ಆ ರಸೀದಿಯನ್ನು ಯಾರ ಹೆಸರಿಗೆ ಬರೆಯುತ್ತೀರಿ?