ಸಿಂಬಿಯಿಲ್ಲದ ಕೊಡ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಶಾಲೆಯ ಕಂಪ್ಯೂಟರ್ ಮಂಕಾದರೆ ಮೊದಲ ಆರೋಪಿಗಳು ಮಕ್ಕಳು. ಎರಡನೆಯದು ಬಿಸಿಲು. ಅದನ್ನು ಜೋಡಿಸಿದ ಪುಣ್ಯಾತ್ಮನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹಳೆಯ ಯಂತ್ರಗಳಿಗೆ ಹಾಕುವ ಡಬ್ಬಿಯಂಥ ಸಾಟಾ ಎಸ್‌ಎಸ್‌ಡಿಗೆ ಪ್ಯಾಡಿನ ಗೊಡವೆಯಿಲ್ಲ. ನನ್ನ ತಕರಾರು ಹೊಸ ಯಂತ್ರಗಳ ಎನ್‌ವಿಎಂಇ ಬಗ್ಗೆ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಬರಿಯ ಪಟ್ಟಿ ಅದು. ದೊಡ್ಡ ಕಡತಗಳನ್ನು ಬಿಡದೆ ಬರೆಯುವಾಗ ಅದರ ಕಂಟ್ರೋಲರ್ ಚಿಪ್ ಕಾದ ಕಾವಲಿಯಾಗುತ್ತದೆ. 70-80 ಡಿಗ್ರಿಯ ಹೊತ್ತಿಗೆ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಬಿಸಿಲನ್ನೇ ನಂಬಿ ತಿರುಮಣಿಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಕಟ್ಟಿದ ಸೀಮೆ ನಮ್ಮದು. ಇಲ್ಲಿ ಕೋಣೆಯ ಗಾಳಿಯೇ ಬಿಸಿ.

ನೀರು ಹೊರುವವರಿಗೆ ಸಿಂಬಿ ಗೊತ್ತು. ತಲೆಗೂ ಕೊಡಕ್ಕೂ ನಡುವಿನ ಸಂದು ತುಂಬುವುದು ಅದು. ಥರ್ಮಲ್ ಪ್ಯಾಡ್ ಚಿಪ್ಪಿಗೂ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಅದೇ ಕೆಲಸ ಮಾಡುತ್ತದೆ. ಸಂದಿನಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ. ತೆಳುವಾದರೆ ತಾಗದು, ದಪ್ಪವಾದರೆ ಸ್ಕ್ರೂ ಬಿಗಿದಾಗ ಪಟ್ಟಿ ಬಾಗುತ್ತದೆ. ಅರ್ಧ ಮಿಲಿಮೀಟರೋ ಒಂದೋ ಎಂದು ಅಳೆಯಬೇಕು. ಲೋಹವಿಲ್ಲದೆ ಬರೀ ಪ್ಯಾಡ್ ಅಂಟಿಸುವುದು ಕೊಡವಿಲ್ಲದೆ ಸಿಂಬಿ ಹೊತ್ತಂತೆ! ಕಂಪನಿಯ ಲೇಬಲ್ ಕಿತ್ತರಂತೂ ವಾರಂಟಿಯೂ ಹೋದೀತು.

ಎಲ್ಲಕ್ಕಿಂತ ಮುಖ್ಯ, ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಸುಲಿಯಬೇಕು. ಒಂದು ಅಂಗಡಿಯವರು ಜೋಡಿಸಿಕೊಟ್ಟ ಯಂತ್ರದಲ್ಲಿ ಪಾಠದ ವಿಡಿಯೋಗಳನ್ನು ತುಂಬಿಸುವಾಗ ಅರ್ಧದಲ್ಲೇ ಆಮೆನಡಿಗೆ. "ಮಕ್ಕಳು ಗೇಮ್ ಆಡಿ ಕೆಡಿಸಿದಾರೆ ಮೇಡಂ" ಎಂದರು. ಎದುರಿಗೇ ಬಿಚ್ಚಿಸಿದೆ. ನೀಲಿ ಹಾಳೆ ಹಾಗೇ ಇತ್ತು. ಸುಲಿದು ಕೂರಿಸಿದ ಮೇಲೆ ಅದೇ ವಿಡಿಯೋಗಳು ಸಲೀಸಾಗಿ ಇಳಿದವು. "ಅಯ್ಯೋ, ಅದೊಂದು ಹಾಳೆ ತಾನೇ ಮೇಡಂ" ಎಂದು ನಕ್ಕರು. ಆ ಒಂದು ಹಾಳೆಗಾಗಿ ಬೈಸಿಕೊಂಡವರು ಎಂಟನೇ ತರಗತಿಯ ಹುಡುಗಿಯರು, ವಾರಕ್ಕೊಂದು ಪೀರಿಯಡ್ ಮಾತ್ರ ಮೌಸ್ ಮುಟ್ಟುವವರು. ಅವರ ಕ್ಷಮೆ ಯಾರೂ ಕೇಳಲಿಲ್ಲ.

ಈಗ ಹೊಸ ಎಸ್‌ಎಸ್‌ಡಿ ಜೋಡಿಸಲು ಯಾರೇ ಬರಲಿ, ಸುಲಿದ ಎರಡು ಹಾಳೆಗಳನ್ನು ನನ್ನ ಮೇಜಿನ ಮೇಲೆ ಇಟ್ಟ ನಂತರವೇ ಬಿಲ್ಲಿಗೆ ಸಹಿ.