ಕೆರೆಗೆ ಮೇಕಪ್ ಯಾಕ್ರೀ?

"ಕಲಬುರಗಿ ಕಡೆ ಬಿಸಿಲು ಬಿಟ್ರೆ ಏನದ?" ಅನ್ನುವವರ ಜೊತೆ ಇನ್ನೊಮ್ಮೆ ಜಗಳ ಆಡೋಣ. ಇವತ್ತಿನ ಜಗಳ ಕೆರೆ 'ಅಭಿವೃದ್ಧಿ' ಮಾಡುವವರ ಜೊತೆ.

ಅಭಿವೃದ್ಧಿ ಅಂದ್ರೆ ಗೊತ್ತಲ್ಲ? ಸುತ್ತ ನೆಟ್ಟಗೆ ಕಲ್ಲಿನ ಗೋಡೆ, ಅದರ ಮೇಲೆ ಟೈಲ್ಸು, ಬಣ್ಣದ ಲೈಟು, ನಡುವೆ ಕಾರಂಜಿ, ಜೊತೆಗೆ ಹಂಸದ ಆಕಾರದ ಪೆಡಲ್ ದೋಣಿ. ನಿಜವಾದ ಬಾತುಗಳನ್ನು ಓಡಿಸಿ ಪ್ಲಾಸ್ಟಿಕ್ ಹಂಸ ತೇಲಿಬಿಡೋದಕ್ಕೆ ಟೆಂಡರ್ ಬೇರೆ!

ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಆಳಕ್ಕೆ ಮುಳುಗಿ ಮೇಯುವ ಹಕ್ಕಿಗಳಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕತ್ತು ಎಟುಕುವಷ್ಟರಲ್ಲೇ ಊಟ. ಅದಕ್ಕೆ ಇಳಿಜಾರಿನ ದಂಡೆ, ಮೊಳಕಾಲುದ್ದ ನೀರು, ಜೊಂಡು, ಕೆಸರು ಬೇಕು. ಗೋಡೆ ಕಟ್ಟಿ ಬಟ್ಟಲಿನ ಹಾಗೆ ತೋಡಿದ್ರೆ ದಂಡೆಯಿಂದಲೇ ಆಳ. ಊಟ ಎಲ್ಲಿ? ಇನ್ನು ಇವು ರಾತ್ರಿ ಮೇದು ಹಗಲು ನಿದ್ದೆ ಮಾಡೋದೇ ಹೆಚ್ಚು. ದೋಣಿ ಬಂದಾಗೆಲ್ಲ ಎದ್ದು ಹಾರಿದ್ರೆ ವಾಪಸ್ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಇಲ್ಲೇ ಕರಗುತ್ತೆ. ಬಳಸುವವರು ಯಾರು ಅಂತ ಕೇಳದೇ ಬರೆದ ಸಾಫ್ಟ್‌ವೇರ್ ಇದ್ದ ಹಾಗೆ ಇದು. (ಆ ಪಾಡು ನನಗೆ ದಿನಾ ಆಫೀಸಲ್ಲಿದೆ, ಬಿಡಿ :))

ಗದಗ ಜಿಲ್ಲೆಯ ಮಾಗಡಿ ಕೆರೆ ನೋಡಿ. 50 ಚಿಲ್ಲರೆ ಹೆಕ್ಟೇರಿನ, ನೀರಾವರಿಗೆ ಕಟ್ಟಿದ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲದಲ್ಲಿ ಮೇದು ಅಲ್ಲಿ ಬಂದು ಕೂರುತ್ತವೆ. ಅದಕ್ಕೆ ರಾಮ್ಸರ್ ಪಟ್ಟ ಸಿಕ್ಕಿದೆ. ಕಾರಂಜಿ ನೋಡಿ ಕೊಟ್ಟಿದ್ದಲ್ಲ.

"ಹಾಗಾದ್ರೆ ಜನ ವಾಕಿಂಗ್ ಎಲ್ಲಿ ಮಾಡಬೇಕು, ಗಲೀಜು ಹಾಗೇ ಇರಲಾ?" ಅಂತೀರಿ. ವಾಕಿಂಗಿಗೆ ಒಂದು ದಂಡೆ ಸಾಕು, ಉಳಿದದ್ದು ಹಕ್ಕಿಗೆ ಬಿಡಿ. ಗಲೀಜಿನ ಮಾತು ಅಂದ್ರೆ, ಕೆಸರು ಬೇರೆ, ಕೊಳಚೆ ಬೇರೆ ರೀ. ಚರಂಡಿ ನೀರು ಬಂದು ಬಿದ್ದಲ್ಲಿ ಜಲಕಳೆ ಕೊಬ್ಬುತ್ತೆ, ನೀರು ಮುಚ್ಚುತ್ತೆ, ಅಡಿಯಲ್ಲಿ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುತ್ತೆ. ಆ ಚರಂಡಿ ತಿರುಗಿಸೋ ಕೆಲಸ ನೆಲದೊಳಗಿನದು, ಉದ್ಘಾಟನೆಗೆ ಕತ್ತರಿಸೋಕೆ ರಿಬ್ಬನ್ ಇರಲ್ಲ. ಅದಕ್ಕೇ ಮೊದಲು ಬರೋದು ಟೈಲ್ಸು. ಹೂಳು ತೆಗೀಬೇಡಿ ಅಂತಲೂ ನಾನು ಹೇಳ್ತಿಲ್ಲ. ನಮ್ಮ ರೈತರು ಅದನ್ನ ಹೊಲಕ್ಕೆ ಹಾಕ್ಕೊಂಡೇ ಬಂದವರು. ನಡುವೆ ತೆಗೀರಿ, ಅಂಚಿನ ಇಳಿಜಾರು ಉಳಿಸಿ ಅಷ್ಟೇ.

ಒಬ್ಬ ಅಧಿಕಾರಿ ನನ್ನನ್ನೇ ಕೇಳಿದ್ರು, "ಇಲ್ಲಿ ಹಕ್ಕಿ ಎಲ್ಲಿವೆ, ಲೆಕ್ಕ ಇದೆಯಾ?" ಸರಿಯಾದ ಪ್ರಶ್ನೆ! ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತೆ, ಅದಕ್ಕೆ ಯಾರು ಬೇಕಾದರೂ ಕೈ ಜೋಡಿಸಬಹುದು. ರಂಗನತಿಟ್ಟಿನ ಫೋಟೋ ಹಾಕುವ ಗೆಳೆಯರೇ, ಒಂದು ಭಾನುವಾರ ನಿಮ್ಮೂರ ಹೆಸರಿಲ್ಲದ ಕೆರೆಗೂ ಹೋಗಿ ಎಣಿಸಿ, ದಿನಾಂಕದ ಜೊತೆ ಬರೆದಿಡಿ.

ನಾನು ಈ ಸಲ ಬೆಳಗ್ಗೆ ಜಗತ್ ಸರ್ಕಲ್‌ನಿಂದ ಹೊರಟು ಅಪ್ಪನ ಕೆರೆ ನೋಡ್ಕೊಂಡು, ಅಲ್ಲಿಂದ ಕಮಲಾಪುರದ ಕಡೆ ಬೆಣ್ಣೆತೊರಾ ಹಿನ್ನೀರಿಗೆ ಹೋಗ್ತೀನಿ. ಬರುವವರು ತಿಳಿಸಿ. ದುರ್ಬೀನು ಒಂದೇ ಇದೆ, ಪಾಳಿ ಮೇಲೆ ನೋಡೋಣ..